ಕಂಪ್ಯೂಟರಿಗೊಂದು ಗುಂಡಿ ಬೇಕು: ಎಲ್ಲಿ ಸಿಕ್ಕೀತು?

ಒಳಗಿನ ಸಾಮಾನೆಲ್ಲ ನೆಟ್ಟಗಿದ್ದರೂ ಎದುರಿನ ಪುಟ್ಟ ಗುಂಡಿಯೊಂದು ಕೈಕೊಟ್ಟರೆ ಸಾಕು, ಇಡೀ ಕಂಪ್ಯೂಟರ್ ಸತ್ತಂತೆ ಬಿದ್ದುಕೊಳ್ಳುತ್ತದೆ. ನಮ್ಮ ನೆರೆಮನೆಯ ನಿವೃತ್ತ ಅಧ್ಯಾಪಕರ ಮನೆಯಲ್ಲಿ ಆದದ್ದೂ ಅದೇ. ಮೊಮ್ಮಗಳ ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು. ರಿಪೇರಿಗೆ ಕೊಂಡುಹೋದಲ್ಲಿ, "ಮಾಷ್ಟ್ರೇ, ಗುಂಡಿ ಮಾತ್ರ ಬರುವುದಿಲ್ಲ, ಕ್ಯಾಬಿನೆಟ್ಟೇ ಹೊಸದು ಹಾಕಬೇಕು" ಎಂದರಂತೆ. ಮಾಷ್ಟ್ರು ಪಿಂಚಣಿಯ ಲೆಕ್ಕ ಹಾಕುತ್ತ ಮನೆಗೆ ಬಂದರು. ನಿಜಕ್ಕೂ ಬೇಕಾಗಿದ್ದುದು ಕೆಲವೇ ರೂಪಾಯಿಯ ವಸ್ತು.

ಇನ್ನು ಹವ್ಯಾಸಕ್ಕಾಗಿ ಕ್ಯಾಬಿನೆಟ್ ಕೊರೆದು, ಬಣ್ಣ ಬಳಿದು, ತಮಗೊಪ್ಪುವ ಗುಂಡಿ ಕೂರಿಸುವ ತರುಣರೂ ನಮ್ಮಲ್ಲಿದ್ದಾರೆ. ಕೇಸ್ ಮಾಡಿಂಗ್ ಎಂದು ಅದಕ್ಕೆ ಹೆಸರು. ಅವರ ಪ್ರಶ್ನೆಯೂ ಮಾಷ್ಟ್ರ ಪ್ರಶ್ನೆಯೂ ಒಂದೇ: ಸ್ವಿಚ್ಚು ಎಲ್ಲಿ ಸಿಗುತ್ತದೆ?

ಕೊಳ್ಳುವ ಮೊದಲು ಏನು ಬೇಕೆಂಬುದು ತಿಳಿದಿರಬೇಕು. ಹಳೆಯ ಕಂಪ್ಯೂಟರುಗಳಲ್ಲಿ ಗೋಡೆಯ 230 ವೋಲ್ಟ್ ವಿದ್ಯುತ್ತೇ ಎದುರಿನ ಸ್ವಿಚ್ಚಿಗೆ ಬರುತ್ತಿತ್ತು. ಅದರೊಡನೆ ಮಕ್ಕಳಾಟ ಸಲ್ಲದು. 1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಹೊಸ ಮಾದರಿಯನ್ನು ತಂದ ಮೇಲೆ ಕತೆ ಬದಲಾಯಿತು. ಈಗ ಗುಂಡಿಯ ಕೆಲಸ ಮದರ್‌ಬೋರ್ಡಿನ ಎರಡು ಪಿನ್ನುಗಳನ್ನು ಒಂದು ಕ್ಷಣ ಮುಟ್ಟಿಸಿ ಬಿಡುವುದಷ್ಟೆ. ಅಲ್ಲಿರುವುದು ಐದು ವೋಲ್ಟನ್ನು ಮೀರದ ವಿದ್ಯುತ್ತು. ಆದ್ದರಿಂದ ಒತ್ತಿದರೆ ಒಳಗೇ ನಿಲ್ಲುವ ಸ್ವಿಚ್ಚು ಬೇಡ. ಬಿಟ್ಟೊಡನೆ ಮೇಲೆ ಬರುವುದು ಬೇಕು. ಅಂಗಡಿಯಲ್ಲಿ 'ಪುಷ್ ಟು ಆನ್' ಎಂದು ಕೇಳಿದರೆ ಅರ್ಥವಾಗುತ್ತದೆ. ಒಳಗೇ ನಿಲ್ಲುವಂಥದನ್ನು ಹಾಕಿದರೆ ಗುಂಡಿಯನ್ನು ಯಾರೋ ಒತ್ತಿ ಹಿಡಿದಿದ್ದಾರೆಂದು ಯಂತ್ರ ತಿಳಿದು, ನಾಲ್ಕೈದು ಸೆಕೆಂಡಿನಲ್ಲಿ ತಾನೇ ಆರಿಹೋಗುತ್ತದೆ.

ಪೇಟೆಗೆ ಹೊರಡುವ ಮುನ್ನ ಕಾಸಿಲ್ಲದ ಒಂದು ಉಪಾಯವನ್ನು ನೋಡಿಬಿಡಿ. ಅನೇಕ ಕ್ಯಾಬಿನೆಟ್ಟುಗಳಲ್ಲಿ ರೀಸೆಟ್ ಎಂಬ ಇನ್ನೊಂದು ಸಣ್ಣ ಗುಂಡಿ ಇರುತ್ತದೆ. ಪ್ಲಗ್ ಕಳಚಿ, ಅದರ ವೈರನ್ನು ಕಿತ್ತು ಪವರ್ ಗುಂಡಿಯ ಪಿನ್ನುಗಳಿಗೆ ಸಿಕ್ಕಿಸಿದರೆ ರೀಸೆಟ್ ಗುಂಡಿಯೇ ಪವರ್ ಗುಂಡಿಯಾಯಿತು! ಯಾವ ತುದಿ ಯಾವ ಕಡೆಗೆಂಬ ಚಿಂತೆಯೂ ಇಲ್ಲ. ಪಿನ್ನುಗಳ ಗುರುತು ಬೋರ್ಡಿನ ಮೇಲೋ ಅದರ ಕೈಪಿಡಿಯಲ್ಲೋ ಸಿಗುತ್ತದೆ. ಮಾಷ್ಟ್ರ ಮೊಮ್ಮಗಳ ಪರೀಕ್ಷೆ ಸಾಗಿದ್ದು ಹೀಗೆ.

ಕೊಳ್ಳಲೇಬೇಕೆಂದಾದರೆ ಮೊದಲು ಊರಿನ ಎಲೆಕ್ಟ್ರಿಕಲ್ ಅಂಗಡಿ. ಉಪ್ಪಳವಿರಲಿ, ಬದಿಯಡ್ಕವಿರಲಿ, ಮನೆಬಾಗಿಲಿನ ಬೆಲ್ ಸ್ವಿಚ್ ಸಿಗದ ಪೇಟೆ ಇಲ್ಲ. ಒತ್ತಿ ಬಿಡುವ ಜಾತಿಯದೇ ಅದು, ಕಂಪ್ಯೂಟರಿಗೂ ಆಗುತ್ತದೆ. ಒಳಗೆ ದೀಪವಿಲ್ಲದ್ದನ್ನು ಆರಿಸಿಕೊಳ್ಳಿ. ಅಂದ ಕಡಿಮೆ, ನಿಜ. ಸ್ವಲ್ಪ ಗತ್ತು ಬೇಕೆನ್ನುವವರು ಮೋಟಾರು ಪ್ಯಾನೆಲುಗಳ ಸಾಮಾನು ಮಾರುವಲ್ಲಿ ವಿಚಾರಿಸಬಹುದು. ಅಡಿಕೆ ತೋಟದ ಪಂಪಿನ ಪ್ಯಾನೆಲಿನಲ್ಲಿ ಕಾಣುವ ದಪ್ಪ ಹಸಿರು, ಕೆಂಪು ಗುಂಡಿಗಳು ನೆನಪಿವೆಯಲ್ಲ? ಬಿಡಿಯಾಗಿ ಸಿಗುವ ಅಂಥವಕ್ಕೆ 22.5 ಮಿಲಿಮೀಟರ್ ತೂತು ಬೇಕು. ಗುಂಡಿಯ ಬಣ್ಣ ನಿಮ್ಮಿಷ್ಟ. ಆದರೆ ಹಿಂದೆ ಸಿಕ್ಕಿಸುವ ಕಾಂಟ್ಯಾಕ್ಟ್ 'ಎನ್.ಓ.' ಆಗಿರಬೇಕು, ಅದು ಸಾಮಾನ್ಯವಾಗಿ ಹಸಿರು. ಕೆಂಪಿನದು 'ಎನ್.ಸಿ.', ನಮ್ಮ ಕೆಲಸಕ್ಕೆ ತದ್ವಿರುದ್ಧ.

ಹೊಳೆಯುವ ಲೋಹದ, ಸುತ್ತ ಬೆಳಕಿನ ಬಳೆಯಿರುವ ಗುಂಡಿಗಳಿಗೆ ಮಾತ್ರ ದೊಡ್ಡ ಪೇಟೆಯೇ ಗತಿ. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಇಂಥವಕ್ಕೆ ಹೆಸರಾದುದು. ಕನ್ನಡದಲ್ಲೇ ಚೌಕಾಸಿ ಮಾಡಬಹುದೆಂಬುದು ನಮಗೊಂದು ಸಮಾಧಾನ. ದಕ್ಷಿಣಕ್ಕೆ ಹೋಗುವವರಿಗೆ ಎರ್ನಾಕುಳಂ ಎಂ.ಜಿ. ರಸ್ತೆಯ ಪಳ್ಳಿಮುಕ್ಕು ಇದೆ. ಚೆನ್ನೈಯ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್ ಕೂಡ ಇದೇ ವ್ಯಾಪಾರದವು. ಮುಂಬಯಿಯಲ್ಲಿ ನೆಂಟರಿಲ್ಲದ ಮನೆ ನಮ್ಮ ಕಡೆ ಅಪರೂಪ. ಗ್ರ್ಯಾಂಟ್ ರೋಡ್ ಸ್ಟೇಶನಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ದೂರವಿಲ್ಲ. ಅಂಚೆಯಲ್ಲಿ ತರಿಸುವುದೂ ಸಾಧ್ಯ. ಎಲಿಮೆಂಟ್14, ಆರ್‌ಎಸ್, ಮೌಸರ್ ಮುಂತಾದ ಬಿಡಿಭಾಗದ ಕಂಪೆನಿಗಳ ಪಟ್ಟಿಯಲ್ಲಿ ಒಂದೊಂದು ಗುಂಡಿಯ ಅಳತೆಯ ನಕ್ಷೆಯೇ ಇರುತ್ತದೆ. ಆದರೆ ಒಂದೇ ಗುಂಡಿ ತರಿಸಹೊರಟರೆ ಕಾಳಿಗಿಂತ ಹೊಟ್ಟೇ ಹೆಚ್ಚಾದೀತು. ಹೊರದೇಶದಿಂದ ಬರುವುದಾದರೆ ಸುಂಕವೂ ಸೇರುತ್ತದೆ. ನಾಲ್ಕು ಮಂದಿ ಒಟ್ಟಾಗಿ ತರಿಸುವುದು ಲೇಸು.

ಲೋಹದ ಗುಂಡಿಗಳು ಹೆಚ್ಚಾಗಿ 12, 16, 19, 22 ಮಿಲಿಮೀಟರಿನವು. ಆ ಲೆಕ್ಕ ಹೊರಗೆ ಕಾಣುವ ತಲೆಯದ್ದಲ್ಲ, ಕೊರೆಯಬೇಕಾದ ತೂತಿನದ್ದು. ಇದನ್ನು ತಿಳಿಯದೆ ದೊಡ್ಡದಾಗಿ ಕೊರೆದರೆ ಗುಂಡಿ ಒಳಗೆ ಬಿದ್ದಿತು! ಹಿಂದಿನ ಉದ್ದವನ್ನೂ ಅಳೆಯಿರಿ. ಎದುರಿನ ಫ್ಯಾನಿಗೆ ತಾಗಬಾರದು. ಬೆಳಕಿನ ಬಳೆಗೆ 3, 5, 12, 220 ವೋಲ್ಟುಗಳೆಂದು ಬೇರೆ ಬೇರೆ ಜಾತಿ ಉಂಟು. 220ರದ್ದು ಕಂಪ್ಯೂಟರಿನಲ್ಲಿ ಬೆಳಗುವುದೇ ಇಲ್ಲ. 5 ವೋಲ್ಟಿನದಕ್ಕೆ ಪವರ್ ಸಪ್ಲೈಯ ಕೆಂಪು ವೈರು, 12ರದ್ದಕ್ಕೆ ಹಳದಿ; ಎರಡಕ್ಕೂ ಇನ್ನೊಂದು ತುದಿ ಕಪ್ಪು. ಗುಂಡಿಗೆ ದಿಕ್ಕಿಲ್ಲ, ಬೆಳಕಿಗೆ ದಿಕ್ಕುಂಟು. ಪ್ಲಸ್, ಮೈನಸ್ ನೋಡಿಯೇ ಜೋಡಿಸಬೇಕು.

ಕೊರೆಯುವಾಗ ಬೋರ್ಡು, ಪವರ್ ಸಪ್ಲೈ ಎಲ್ಲವನ್ನೂ ಹೊರಗಿಡಿ. ಕಬ್ಬಿಣದ ಒಂದು ಚೂರು ಬೋರ್ಡಿನ ಮೇಲೆ ಬಿದ್ದರೆ ಉಳಿಸಿದ ಹಣಕ್ಕಿಂತ ಕಳೆದದ್ದೇ ಹೆಚ್ಚು. ಪವರ್ ಸಪ್ಲೈಯ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಳಚಿದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ.

ಎಸ್.ಪಿ. ರಸ್ತೆಗೆ ಹೋಗುವವರು ಭಾನುವಾರ ಹೋಗಬೇಡಿ, ಬಹಳಷ್ಟು ಬಾಗಿಲು ಮುಚ್ಚಿರುತ್ತದೆ. ಹಳೆಯ ಗುಂಡಿಯನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗಿ, ಮತ್ತು ಕೊಳ್ಳುವ ಮೊದಲು ಅಂಗಡಿಯವರ ಮಲ್ಟಿಮೀಟರಿನಲ್ಲಿ ಒಮ್ಮೆ ಒತ್ತಿ ತೋರಿಸಲು ಹೇಳಿ.