ತೆಂಗಿನ ಸುಳಿಗೆ ಬೀಳುವ ಕುರುವಾಯಿ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರಿಗೆ ಊರಲ್ಲಿ ಮನೆಯುಂಟು, ಹಿತ್ತಿಲಲ್ಲಿ ಹತ್ತೋ ಇಪ್ಪತ್ತೋ ತೆಂಗಿನ ಮರಗಳೂ ಉಂಟು. ನೆಟ್ಟು ಆರೇಳು ವರ್ಷ ಕಾದ ಮೇಲೆ ಕಾಯಿ ಕಾಣುವ ಮರ ಕಣ್ಣೆದುರೇ ಸಾಯುವುದು ಸಣ್ಣ ನಷ್ಟವಲ್ಲ. ಅಂಥವರಿಗಾಗಿ ಈ ನಾಲ್ಕು ಮಾತು.

ರಜೆಯಲ್ಲಿ ಊರಿಗೆ ಹೋದಾಗ ಗರಿಗಳು ಕತ್ತರಿಯಾಡಿಸಿದಂತೆ ಕಂಡರೆ ಅದು ಕುರುವಾಯಿಯ ಕೆಲಸ. ತಲೆಯ ಮೇಲೆ ಕೊಂಬುಳ್ಳ ಈ ಕಪ್ಪು ದುಂಬಿ ಇನ್ನೂ ಬಿಚ್ಚದ ಸುಳಿಯನ್ನು ಕೊರೆಯುತ್ತದೆ. ಮಡಿಸಿದ ಕಾಗದಕ್ಕೆ ಕತ್ತರಿಯಿಟ್ಟು ಬಿಡಿಸಿದಂತೆ, ಗರಿ ಬಿಚ್ಚಿದಾಗ ಆ ಗಾಯ ಎರಡೂ ಕಡೆ ಕಾಣುತ್ತದೆ.

ಎಲ್ಲರೂ ಮರವನ್ನೇ ನೋಡುತ್ತಾರೆ. ಹುಳುವಿನ ತವರು ಗೊಬ್ಬರದ ಗುಂಡಿ. ಹೆಣ್ಣು ದುಂಬಿ ಮೊಟ್ಟೆಯಿಡುವುದು ಸೆಗಣಿ ಗೊಬ್ಬರದಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಬಿಳಿಯ ದಪ್ಪ ಮರಿಹುಳು ಅಲ್ಲೇ ಬಾಗಿ ಮಲಗಿ ನಾಲ್ಕಾರು ತಿಂಗಳು ಬೆಳೆಯುತ್ತದೆ. ಆದುದರಿಂದ ಮಳೆಗಾಲಕ್ಕೆ ಮೊದಲೇ ಗುಂಡಿಯನ್ನು ತೋಡಿ, ಮಗುಚಿ, ಹುಳುಗಳನ್ನು ಹೆಕ್ಕಬೇಕು. (ಮನೆಯಲ್ಲಿ ಕೋಳಿಗಳಿದ್ದರೆ ಅವಕ್ಕೆ ಅಂದು ಹಬ್ಬ.) ಬಿದ್ದ ಬೊಡ್ಡೆಗಳನ್ನು ಸೀಳಿ ಸುಡಬೇಕು. ಮೆಟಾರೈಜಿಯಂ ಎಂಬ ಹಸಿರು ಬೂಷ್ಟನ್ನು ಗುಂಡಿಗೆ ಬೆರೆಸಿದರೆ ಹುಳುಗಳಿಗೆ ರೋಗ ತಗಲಿ ಸಾಯುತ್ತವೆ, ಗೊಬ್ಬರ ಕೆಡುವುದಿಲ್ಲ. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿದೆ. ಈ ಉಪಾಯವನ್ನು ಅದೂ ಹೇಳುತ್ತದೆ.

ಮರದ ಮೇಲೆ ಮಾಡುವುದು ಇಷ್ಟು: ಕೊಕ್ಕೆಯ ಕಬ್ಬಿಣದ ಕಡ್ಡಿಯಿಂದ ದುಂಬಿಯನ್ನು ಎಳೆದು ತೆಗೆಯುವುದು, ಮರಕ್ಕೆ 250 ಗ್ರಾಂ ಬೇವಿನ ಹಿಂಡಿಯ ಪುಡಿಗೆ ಅಷ್ಟೇ ಮರಳು ಬೆರೆಸಿ, ಸುಳಿಯ ಸುತ್ತಲಿನ ಎರಡು ಮೂರು ಗರಿಗಳ ಸಂದಿಗೆ ವರ್ಷಕ್ಕೆ ಮೂರು ಸಲ ತುಂಬುವುದು. ಎಳೆಯ ಗಿಡಕ್ಕೆ ಮೂರು ನಾಲ್ಕು ನುಸಿಗುಳಿಗೆ ಇಟ್ಟು ಮರಳು ಮುಚ್ಚಿದರೂ ಆಗುತ್ತದೆ. 45 ದಿನಕ್ಕೊಮ್ಮೆ ಹೊಸದು ಇಡಬೇಕು.

ಬೆಳೆದ ಮರವನ್ನು ಕುರುವಾಯಿಯೊಂದೇ ಕೊಲ್ಲುವುದು ಅಪರೂಪ. ಆದರೆ ಅದು ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಇದರ ಮರಿಗಳು ತಿರುಳನ್ನೇ ತಿನ್ನುವುದರಿಂದ ಹೊರಗಿನವರಿಗೆ ಬಹಳ ದಿನ ಏನೂ ತಿಳಿಯದು. ಕಾಂಡದ ತೂತಿನಿಂದ ಕಂದು ರಸ ಒಸರಿದರೆ, ಜಗಿದ ನಾರು ಹೊರಬಿದ್ದರೆ ಕೂಡಲೇ ತೋಟಗಾರಿಕೆ ಇಲಾಖೆಯವರನ್ನು ಕೇಳಬೇಕು. ಸುಳಿ ಬಾಗಿದ ಮೇಲೆ ಆ ಮರದ ಆಸೆ ಬಿಟ್ಟು ಉಳಿದವನ್ನು ಕಾಯುವುದೇ ಸರಿ. ಮರ ಏರಲು ಕಾಂಡದಲ್ಲಿ ಮೆಟ್ಟಿಲು ಕಡಿಯುವ ರೂಢಿಯೂ ಈ ಹುಳುವಿಗೆ ಬಾಗಿಲು ತೆರೆದಂತೆ.

ಊರಿಗೆ ಹೋಗಲಾಗದವರು ಫೋನು ಮಾಡುವಾಗ "ಮರ ಹೇಗಿದೆ" ಎಂದಷ್ಟೇ ಕೇಳದೆ, "ಗುಂಡಿ ಮಗುಚಿದಿರಾ? ಕಾಂಡದಲ್ಲಿ ರಸ ಕಾಣುತ್ತದೆಯೇ?" ಎಂದು ಕೇಳಲಿ.