ಗೋ-ಕಾರ್ಟ್ ಜಾರಿತಾ? ಮೊದಲು ಬ್ರೇಕ್ ಮರೆಯಿರಿ

ವಡಾಲಾದ ಅಜ್ಮೇರಾ ಇಂಡಿಕಾರ್ಟಿಂಗ್ ಟ್ರ್ಯಾಕ್. ತಿರುವಿನಲ್ಲಿ ಹಿಂಭಾಗ ಜಾರಿತು ಅನ್ನಿ. ಕಾಲು ತಾನಾಗಿ ಬ್ರೇಕಿಗೆ ಹೋಗುತ್ತೆ, ಅಲ್ಲೇ ಕೆಡೋದು! ಬಾಡಿಗೆ ಗೋ-ಕಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರೋದು ಹಿಂದಿನ ಆಕ್ಸಲ್‌ಗೆ ಮಾತ್ರ. ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ, ಉಳಿದಿದ್ದ ಹಿಡಿತವೂ ಹೋಯಿತು.

ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ. ಹಿಂಭಾಗ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿ. ಕಣ್ಣು ಟೈರ್ ಗೋಡೆ ಮೇಲೆ ಬೇಡ, ಹೋಗಬೇಕಾದ ದಾರಿ ಮೇಲಿರಲಿ. ಕೈ ಕಣ್ಣಿನ ಹಿಂದೆಯೇ ಹೋಗುತ್ತೆ. ಹಿಡಿತ ಸಿಕ್ಕ ಕೂಡಲೇ ಸ್ಟೀರಿಂಗ್ ನೇರ ಮಾಡಿ, ಇಲ್ಲವಾದರೆ ಆಚೆ ಬದಿಗೆ ಎಸೆಯುತ್ತೆ.

ಪೂರ್ತಿ ಗಿರಕಿ ಹೊಡೆಯಿತಾ? ಈಗ ಬ್ರೇಕ್ ಒತ್ತಿ ಹಿಡಿಯಿರಿ. ನಿಂತ ಗಾಡಿಯನ್ನು ಹಿಂದಿನವರು ತಪ್ಪಿಸಬಲ್ಲರು, ಉರುಳೋ ಗಾಡಿಯನ್ನಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲಿ ಗೇರ್ ಕಾರ್ ಓಡಿಸುತ್ತಿದ್ದರೆ ಕ್ಲಚ್ಚೂ ಒತ್ತಿ. ಕೈ ಎತ್ತಿ; ಮಾರ್ಷಲ್ ಹೇಳೋವರೆಗೆ ಸೀಟಿಂದ ಏಳಬೇಡಿ.