ಮೊಕಾಮಾ ಘಾಟ್ ರೈಲ್ವೆ ಸ್ಟೀಮರ್ ಸೇವೆ

ಮೊಕಾಮಾ ಘಾಟ್ ರೈಲ್ವೆ ಸ್ಟೀಮರ್ ಸೇವೆಯು ಬಿಹಾರದಲ್ಲಿ ಗಂಗಾನದಿಯ ದಕ್ಷಿಣ ದಡದ ಮೊಕಾಮಾ ಘಾಟ್ ಮತ್ತು ಉತ್ತರ ದಡದ ಸಿಮರಿಯಾ ಘಾಟ್‌ಗಳ ನಡುವೆ ರೈಲ್ವೆಯೇ ನಡೆಸುತ್ತಿದ್ದ ನದಿ ಸಾರಿಗೆ. 1959ರಲ್ಲಿ ರಾಜೇಂದ್ರ ಸೇತುವೆ ತೆರೆದ ಮೇಲೆ ಇದರ ಅಗತ್ಯ ಮುಗಿಯಿತು. ಆ ಸೇತುವೆಯ ಸ್ಥಳನಿರ್ಣಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪಾತ್ರವಿದ್ದುದರಿಂದ ಈ ಚರಿತ್ರೆಗೆ ಕರ್ನಾಟಕದ ನಂಟೂ ಇದೆ.

ಹಿನ್ನೆಲೆ

ನದಿಯ ದಕ್ಷಿಣಕ್ಕೆ ಈಸ್ಟ್ ಇಂಡಿಯನ್ ರೈಲ್ವೆಯ ಬ್ರಾಡ್ ಗೇಜ್ ಮಾರ್ಗವಿತ್ತು. ಉತ್ತರದಲ್ಲಿ 1874ರ ಕ್ಷಾಮಕಾಲದಲ್ಲಿ ಧಾನ್ಯ ಸಾಗಿಸಲು ವಾಜಿತ್‌ಪುರದಿಂದ ದರ್ಭಂಗಾವರೆಗೆ ಅವಸರದಲ್ಲಿ ಹಾಕಿದ ಹಳಿಯಿಂದ ತಿರ್ಹುತ್ ಸ್ಟೇಟ್ ರೈಲ್ವೆ ಬೆಳೆಯಿತು. ಅದು ಮೀಟರ್ ಗೇಜ್. 1890ರಲ್ಲಿ ಅದರ ಆಡಳಿತ ಬೆಂಗಾಲ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಗೆ ಸೇರಿತು. ದಾವಣಗೆರೆ ಕಡೆಯಿಂದ ಮೀಟರ್ ಗೇಜ್ ಗಾಡಿಯಲ್ಲಿ ಬಂದು ಬೆಂಗಳೂರಿನಲ್ಲಿ ಮದರಾಸಿನ ಗಾಡಿ ಹಿಡಿದ ಹಿರಿಯರಿಗೆ ಇಂಥ ಬದಲಾವಣೆ ಹೊಸದಲ್ಲ. ಆದರೆ ಅಲ್ಲಿ ಎರಡು ಗಾಡಿಗಳ ನಡುವೆ ಇದ್ದುದು ಪ್ಲಾಟ್‌ಫಾರ್ಮ್, ಇಲ್ಲಿ ಗಂಗೆ.

ಸ್ಟೀಮರುಗಳು

ಗಂಗೆಯ ರೈಲ್ವೆ ಘಾಟ್‌ಗಳಲ್ಲಿ ಪ್ಯಾಡಲ್ ಸ್ಟೀಮರುಗಳು ಬಳಕೆಯಲ್ಲಿದ್ದವು. ಇವುಗಳ ಪಕ್ಕದಲ್ಲಿ ಹಲಗೆಗಳನ್ನು ಜೋಡಿಸಿದ ದೊಡ್ಡ ಚಕ್ರಗಳಿರುತ್ತವೆ. ಉಗಿಯಂತ್ರವು ಚಕ್ರವನ್ನು ತಿರುಗಿಸಿದಾಗ ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳಿ ಹಡಗನ್ನು ಮುಂದೊಯ್ಯುತ್ತವೆ. ಹಡಗಿನ ತಳ ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯಬೇಕಾಗಿಲ್ಲ. ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಮರಳದಿಣ್ಣೆಗಳನ್ನು ಬಿಟ್ಟು ಪಾತ್ರ ಬದಲಿಸುವ ಗಂಗೆಗೆ ಈ ಗುಣವೇ ಮುಖ್ಯವಾಗಿತ್ತು.

ಕಾರ್ಬೆಟ್ ಮತ್ತು ಕೂಲಿಗಳು

ನರಭಕ್ಷಕಗಳ ಬೇಟೆಗಾರನೆಂದೇ ಕನ್ನಡಿಗರಿಗೆ ಪರಿಚಿತರಾದ ಜಿಮ್ ಕಾರ್ಬೆಟ್ ಸುಮಾರು 21 ವರ್ಷ ಮೊಕಾಮಾ ಘಾಟ್‌ನಲ್ಲಿ ಸರಕು ವರ್ಗಾವಣೆಯ ಗುತ್ತಿಗೆದಾರರಾಗಿದ್ದರು. ಒಂದು ಗೇಜಿನ ವ್ಯಾಗನ್ನಿನಿಂದ ಇನ್ನೊಂದು ಗೇಜಿನ ವ್ಯಾಗನ್ನಿಗೆ ಸರಕನ್ನು ಕೂಲಿಗಳು ಹೊತ್ತೇ ಸಾಗಿಸಬೇಕಾಗಿತ್ತು. 1952ರಲ್ಲಿ ಪ್ರಕಟವಾದ ‘ಮೈ ಇಂಡಿಯಾ’ ಕೃತಿಯಲ್ಲಿ ಅವರು ಈ ದುಡಿಮೆಯನ್ನು ವಿವರಿಸಿದ್ದಾರೆ. ಅಲ್ಲಿನ ಸ್ಟೇಷನ್ ಮಾಸ್ಟರರೊಡನೆ ಸೇರಿ ಕೆಲಸಗಾರರ ಮಕ್ಕಳಿಗೆ ಶಾಲೆಯನ್ನೂ ತೆರೆದರು. ಮೇಲುಜಾತಿಯ ಮತ್ತು ಕೆಳಜಾತಿಯ ಹುಡುಗರು ಒಂದೇ ಮನೆಯೊಳಗೆ ಕೂರುವಂತಿರಲಿಲ್ಲ. ಗೋಡೆಯಿಲ್ಲದ ಚಾವಣಿಯ ಕೆಳಗಾದರೆ ಅಡ್ಡಿಯಿರಲಿಲ್ಲ. ಆದ್ದರಿಂದ ಗೋಡೆಗಳನ್ನೇ ತೆಗೆಸಲಾಯಿತು! ಸ್ಟೀಮರಿನ ಚರಿತ್ರೆಗೆ ಇದು ಹೊರಗಿನ ಸಂಗತಿಯೆನಿಸಬಹುದು, ಆದರೆ ಘಾಟ್ ಎಂದರೆ ಬರೀ ಹಡಗಲ್ಲ, ಅಲ್ಲಿ ದುಡಿದು ಬದುಕಿದ ಜನರೂ ಹೌದು.

ಸೇತುವೆ ಮತ್ತು ಅಂತ್ಯ

1943ರಲ್ಲಿ ಈ ರೈಲ್ವೆಯು ಅವಧ್ ಅಂಡ್ ತಿರ್ಹುತ್ ರೈಲ್ವೆಯಾಗಿ, 1952ರಲ್ಲಿ ಈಶಾನ್ಯ ರೈಲ್ವೆಯ ಭಾಗವಾಯಿತು. ಸೇತುವೆಯ ಸ್ಥಳವನ್ನು ಮೊಕಾಮಾ ಬಳಿ ಗೊತ್ತುಪಡಿಸಿದ್ದು ವಿಶ್ವೇಶ್ವರಯ್ಯನವರ ಪರಿಶೀಲನೆಯ ಆಧಾರದ ಮೇಲೆ. ಆಗ ಅವರಿಗೆ 90 ವರ್ಷ ದಾಟಿತ್ತು. ಸುಮಾರು 2 ಕಿ.ಮೀ. ಉದ್ದದ ಈ ಸೇತುವೆಯಲ್ಲಿ ರಸ್ತೆ ಮತ್ತು ಒಂಟಿ ರೈಲುಹಳಿ ಎರಡೂ ಇವೆ.

ಪಾಟ್ನಾದ ಮಹೇಂದ್ರು ಘಾಟ್ ಮತ್ತು ಎದುರು ದಡದ ಪಹಲೇಜಾ ಘಾಟ್ ನಡುವಿನ ರೈಲ್ವೆ ಸ್ಟೀಮರುಗಳು ಮಾತ್ರ ಅನಂತರವೂ ಓಡಾಡಿದವು. ಪಾಟ್ನಾದಲ್ಲಿ ಗಂಗೆಗೆ ಮಹಾತ್ಮ ಗಾಂಧಿ ರಸ್ತೆ ಸೇತುವೆಯಾದದ್ದು 1982ರಲ್ಲಿ.